ಚಿಪ್ ಇರುವ ಬೈಕ್ ಚಾವಿ ಕಳೆದರೆ ಗಾಡಿಯ ಕಂಪ್ಯೂಟರನ್ನೇ ಬದಲಿಸಬೇಕೇ?

"ಹೊಸ ಗಾಡಿಯ ಚಾವಿ ಕಳೆದರೆ ಮುಗೀತು. ಒಳಗಿನ ಕಂಪ್ಯೂಟರ್ ಸಮೇತ ಎಲ್ಲಾ ಬದಲಿಸಬೇಕು, ಅರ್ಧ ಗಾಡಿಯ ದುಡ್ಡು ಹೋಗುತ್ತೆ." ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಮಾತು ಆಗಾಗ ಸುತ್ತುತ್ತಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಏನೂ ಆಗಲ್ಲ, ಎರಡು ವೈರ್ ಜೋಡಿಸಿ ಡೈರೆಕ್ಟ್ ಮಾಡಿದರೆ ಯಾವ ಗಾಡಿಯಾದರೂ ಸ್ಟಾರ್ಟ್ ಆಗುತ್ತೆ." ಮೊದಲನೆಯದು ಅರ್ಧ ನಿಜ. ಎರಡನೆಯದನ್ನು ನಂಬಿದರೆ ಚಿಪ್ ಇರುವ ಗಾಡಿಗೆ ಹೊಸ ರಿಪೇರಿ ಖರ್ಚು ಬರುತ್ತದೆ.

ದೊಡ್ಡ ಊರಿನಲ್ಲಿ ಚಾವಿ ಕಳೆದರೆ ಆಟೊ ಹಿಡಿದು ಮನೆ ಸೇರಬಹುದು. ಶಹಾಪುರ ತಾಲ್ಲೂಕಿನ ಶಿರವಾಳದಂಥ ಊರಿನಲ್ಲಿ ಹಾಗಲ್ಲ. ಹತ್ತಿ ಹೊಲಕ್ಕೆ, ಸಂತೆಗೆ, ತಾಲ್ಲೂಕು ಆಸ್ಪತ್ರೆಗೆ, ಮಕ್ಕಳನ್ನು ಪರೀಕ್ಷೆಗೆ ಬಿಡುವುದಕ್ಕೆ, ಎಲ್ಲಕ್ಕೂ ಗಾಡಿಯೇ ಬೇಕು. ಹ್ಯಾಂಡಲ್ ಲಾಕ್ ಬಿದ್ದ ಗಾಡಿಯನ್ನು ತಳ್ಳಲೂ ಆಗುವುದಿಲ್ಲ. ಗೂಡ್ಸ್ ಆಟೊಗೆ ಎತ್ತಿ ಹಾಕಬೇಕು. ಹೀಗಿರುವಾಗ ತಪ್ಪು ಫಾರ್ವರ್ಡ್ ನಂಬಿದರೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ. ಆದ್ದರಿಂದ ಈ ವಿಷಯವನ್ನು ಬಿಡಿಸಿ ನೋಡೋಣ. (ಯಾದಗಿರಿ, ಕಲಬುರಗಿ ಕಡೆ ಕೀಲಿ ಎಂದರೆ ಬೀಗ, ಚಾವಿ ಎಂದರೆ ಅದನ್ನು ತೆಗೆಯುವ ಕೀ. ಇಲ್ಲಿಯೂ ಹಾಗೆಯೇ ಬಳಸಿದ್ದೇವೆ.)

ಚುಟುಕಾಗಿ ಹೇಳುವುದಾದರೆ

- ನಮ್ಮ ಹಳ್ಳಿಗಳಲ್ಲಿ ಓಡುವ ಬಹುಪಾಲು ಸಾಧಾರಣ ಬೈಕುಗಳ ಚಾವಿಯಲ್ಲಿ ಚಿಪ್ ಇರುವುದೇ ಇಲ್ಲ.
- ಚಿಪ್ ಇದ್ದರೂ, ಕೈಯಲ್ಲಿ ಇನ್ನೊಂದು ಚಾವಿ ಉಳಿದಿದ್ದರೆ ಕೆಲಸ ಚಿಕ್ಕದು.
- ಎಲ್ಲ ಚಾವಿಗಳೂ ಕಳೆದರೆ ಮಾತ್ರ ಕೆಲಸ ದೊಡ್ಡದಾಗುತ್ತದೆ. ಕೆಲವು ಗಾಡಿಗಳಲ್ಲಿ ಕಂಪ್ಯೂಟರ್ ಬದಲಿಸಬೇಕಾಗಿಯೂ ಬರುತ್ತದೆ.

ಮೊದಲು ನೋಡಬೇಕಾದದ್ದು: ನಿಮ್ಮ ಚಾವಿಯಲ್ಲಿ ಚಿಪ್ ಇದೆಯೇ?

ಚಾವಿಯ ತಲೆ ದಪ್ಪಗಿದೆ, ಪ್ಲಾಸ್ಟಿಕ್ ಇದೆ ಎಂದ ಮಾತ್ರಕ್ಕೆ ಅದರಲ್ಲಿ ಚಿಪ್ ಇದೆ ಎಂದಲ್ಲ. ನಾಲ್ಕು ಬೇರೆ ಬೇರೆ ವಸ್ತುಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ.

1. ಬರೀ ಲೋಹದ ಚಾವಿ: ಹಲ್ಲುಗಳ ಆಕಾರ ಸರಿಹೊಂದಿದರೆ ಸಾಕು, ಗಾಡಿ ಸ್ಟಾರ್ಟ್ ಆಗುತ್ತದೆ. ಶಹಾಪುರದ ಚಾವಿ ಮಾಡುವವರ ಬಳಿ ಸ್ವಲ್ಪ ಹೊತ್ತಿನಲ್ಲಿ ಡೂಪ್ಲಿಕೇಟ್ ಆಗುವುದು ಇದೇ.

2. ಅಯಸ್ಕಾಂತದ ಮುಚ್ಚಳ ಇರುವ ಚಾವಿ: ಹಲವು ಸ್ಕೂಟರ್, ಬೈಕುಗಳಲ್ಲಿ ಚಾವಿ ತೂತಿಗೆ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಚಾವಿಯ ತಲೆಯಲ್ಲಿರುವ ಮೂಲೆಮೂಲೆಯ ಗುಬುಟನ್ನು ಒತ್ತಿ ತಿರುಗಿಸಿದರೆ ಅದು ತೆರೆದುಕೊಳ್ಳುತ್ತದೆ. ಆ ಗುಬುಟಿನೊಳಗೆ ಇರುವುದು ಪುಟ್ಟ ಅಯಸ್ಕಾಂತಗಳು, ಚಿಪ್ ಅಲ್ಲ. ರಸ್ತೆಬದಿಯಲ್ಲಿ ಮಾಡಿಸಿದ ಸಾದಾ ಚಾವಿಯಿಂದ ಇಂಥ ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಮುಚ್ಚಳ ಒಮ್ಮೆ ಬಿದ್ದರೆ ತೆರೆಯಲು ಬರುವುದಿಲ್ಲ. "ಡೂಪ್ಲಿಕೇಟ್ ಚಾವಿ ನಡೀಲಿಲ್ಲ, ಚಿಪ್ ಇರಬೇಕು" ಎಂಬ ಗೊಂದಲ ಹಲವು ಸಲ ಇಲ್ಲಿಂದಲೇ ಹುಟ್ಟುತ್ತದೆ.

3. ಚಿಪ್ ಚಾವಿ: ಇದೇ ನಿಜವಾದ ಇಮೊಬಿಲೈಸರ್ ಚಾವಿ. ಹಲ್ಲು ಸರಿಯಿದ್ದರೂ ಚಿಪ್‌ನ ಗುರುತು ಸಿಗದಿದ್ದರೆ ಎಂಜಿನ್ ಎದ್ದೇಳುವುದಿಲ್ಲ. ಹೆಚ್ಚಾಗಿ ದುಬಾರಿ ಬೈಕುಗಳಲ್ಲಿ ಇರುತ್ತದೆ.

4. ಸ್ಮಾರ್ಟ್ ಕೀ: ತೂತಿಗೆ ಹಾಕುವುದೇ ಇಲ್ಲ, ಜೇಬಿನಲ್ಲಿದ್ದರೆ ಸಾಕು. ಹೋಂಡಾ ಕಂಪನಿ 2023ರ ಜನವರಿಯಲ್ಲಿ ಆ್ಯಕ್ಟಿವಾ ಎಚ್-ಸ್ಮಾರ್ಟ್ ಬಿಡುಗಡೆ ಮಾಡಿದ ಮೇಲೆ ಇದು ಸಾಮಾನ್ಯ ಸ್ಕೂಟರ್‌ಗಳಿಗೂ ಬಂದಿದೆ. ಸುಮಾರು 2 ಮೀಟರ್ ಒಳಗೆ ಕೀ ಇದ್ದರೆ ಮಾತ್ರ ಗಾಡಿ ತನ್ನ ಒಡೆಯನನ್ನು ಗುರುತಿಸುತ್ತದೆ.

ಇದಲ್ಲದೆ ಕೆಲವರು ಅಂಗಡಿಯಲ್ಲಿ ರಿಮೋಟ್ ಅಲಾರಂ ಹಾಕಿಸಿರುತ್ತಾರೆ. ಅದರ ರಿಮೋಟ್ ಕಳೆದರೆ ಹೆದರುವ ಅಗತ್ಯವಿಲ್ಲ. ಅದು ಕಂಪನಿ ಕೊಟ್ಟದ್ದಲ್ಲ, ಆಮೇಲೆ ಸೇರಿಸಿದ ಪೆಟ್ಟಿಗೆ. ವೈರಿಂಗ್ ಬಲ್ಲ ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ ಗಾಡಿಯನ್ನು ಮೊದಲಿನಂತೆ ಮಾಡಬಲ್ಲರು.

ಯಾವುದು ಎಂದು ತಿಳಿಯುವುದು ಹೇಗೆ? ಗಾಡಿ ಜೊತೆ ಕೊಟ್ಟ ಮಾಲೀಕರ ಪುಸ್ತಕದಲ್ಲಿ "ಇಮೊಬಿಲೈಸರ್" ಎಂಬ ಪದ ಇದೆಯೇ ನೋಡಿ. ಚಾವಿ ಆನ್ ಮಾಡಿದಾಗ ಮೀಟರ್‌ನಲ್ಲಿ ಚಾವಿ ಅಥವಾ ಬೀಗದ ಚಿತ್ರದ ದೀಪ ಒಂದೆರಡು ಸೆಕೆಂಡ್ ಹೊತ್ತಿ ಆರುತ್ತದೆಯೇ ಗಮನಿಸಿ. ಚಾವಿಯ ತಲೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ದಪ್ಪಗೆ ಸುತ್ತಿ ಸ್ಟಾರ್ಟ್ ಮಾಡಿ ನೋಡುವ ಒಂದು ಉಪಾಯವೂ ಇದೆ. ಹಾಳೆ ಸುತ್ತಿದಾಗ ಎಂಜಿನ್ ಸ್ಟಾರ್ಟ್ ಆಗದೆ, ಹಾಳೆ ತೆಗೆದ ಮೇಲೆ ಸ್ಟಾರ್ಟ್ ಆದರೆ ಚಿಪ್ ಇದೆ ಎಂದರ್ಥ. ಆದರೆ ಹಾಳೆ ಸುತ್ತಿದರೂ ಸ್ಟಾರ್ಟ್ ಆಯಿತು ಎಂದರೆ ಚಿಪ್ ಇಲ್ಲ ಎಂದು ಗಟ್ಟಿಯಾಗಿ ಹೇಳಲಾಗದು. ತೆಳು ಹಾಳೆ ಕೆಲವೊಮ್ಮೆ ಅಲೆಗಳನ್ನು ಪೂರ್ತಿ ತಡೆಯುವುದಿಲ್ಲ. ಪುಸ್ತಕವೇ ನಂಬಿಕಸ್ಥ.

ಬ್ಯಾಟರಿಯೇ ಇಲ್ಲದ ಚಿಪ್ ಮಾತಾಡುವುದು ಹೇಗೆ?

ಚಿಪ್ ಚಾವಿಯ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಗುಳಿಗೆ ಇರುತ್ತದೆ. ಅದರಲ್ಲಿ ಕೂದಲೆಳೆಯಂಥ ತಂತಿಯ ಸುರುಳಿ ಮತ್ತು ಒಂದು ಚಿಕ್ಕ ಚಿಪ್. ಬ್ಯಾಟರಿ ಇಲ್ಲ.

ಗಾಡಿಯ ಚಾವಿ ತೂತಿನ ಸುತ್ತ ಬಳೆಯಂತೆ ಇನ್ನೊಂದು ಸುರುಳಿ ಇರುತ್ತದೆ. ನೀವು ಆನ್ ಮಾಡಿದ ಕೂಡಲೇ ಆ ಬಳೆಯಲ್ಲಿ ವಿದ್ಯುತ್ ಸೆಕೆಂಡಿಗೆ ಸುಮಾರು 1.25 ಲಕ್ಷ ಬಾರಿ ಆಚೀಚೆ ಹರಿಯುತ್ತದೆ, ಅದರ ಸುತ್ತಲಿನ ಕಾಂತಕ್ಷೇತ್ರವೂ ಅಷ್ಟೇ ವೇಗದಲ್ಲಿ ಬದಲಾಗುತ್ತದೆ. ಬದಲಾಗುವ ಕಾಂತಕ್ಷೇತ್ರ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಆ ಚೂರು ವಿದ್ಯುತ್ತೇ ಚಿಪ್‌ಗೆ ಸಾಕು. ವೈರ್ ಇಲ್ಲದೆ ಫೋನ್ ಚಾರ್ಜ್ ಆಗುವುದೂ ಇದೇ ತತ್ತ್ವದಿಂದ. ಟೋಲ್‌ನಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನಲ್ಲೂ ಬ್ಯಾಟರಿ ಇಲ್ಲ. ಅದರ ಅಲೆಗಳು ಬೇರೆ ತೆರನಾದರೂ, ಓದುವ ಯಂತ್ರದಿಂದಲೇ ಶಕ್ತಿ ಪಡೆದು ಉತ್ತರ ಕೊಡುವ ಕ್ರಮ ಒಂದೇ.

ಎಚ್ಚರಗೊಂಡ ಚಿಪ್ ತನ್ನ ಗುರುತು ಹೇಳುತ್ತದೆ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ತನ್ನ ನೆನಪಿನಲ್ಲಿರುವ ಪಟ್ಟಿಯೊಂದಿಗೆ ಅದನ್ನು ಹೋಲಿಸುತ್ತದೆ. ಹೊಂದಿದರೆ ಸರಿ. ಹೊಂದದಿದ್ದರೆ ಇಂಧನವನ್ನೋ ಕಿಡಿಯನ್ನೋ ಎರಡನ್ನೋ ತಡೆಯುತ್ತದೆ. ಮೀಟರ್ ದೀಪ ಹೊತ್ತಬಹುದು, ಎಂಜಿನ್ ಮಾತ್ರ ಸ್ಟಾರ್ಟ್ ಆಗದು.

ಚಾವಿ ಕಳೆದಾಗ ಲೆಕ್ಕಕ್ಕೆ ಬರುವ ಸಂಗತಿಯೂ ಇದೇ: ಹೊಸ ಚಿಪ್ ಚಾವಿ ಮಾಡಿಸುವುದೆಂದರೆ ಲೋಹಕ್ಕೆ ಹಲ್ಲು ಕತ್ತರಿಸುವುದಷ್ಟೇ ಅಲ್ಲ, ಗಾಡಿಯ ನೆನಪಿನಲ್ಲಿ ಹೊಸ ಹೆಸರು ಬರೆಸುವುದು.

ಫಾರ್ವರ್ಡ್‌ಗಳಲ್ಲಿ ಯಾವುದು ಎಷ್ಟು ನಿಜ?

ಹೇಳಿಕೆ 1: ಚಾವಿ ಕಳೆದರೆ ಕಂಪ್ಯೂಟರ್ ಬದಲಿಸಲೇಬೇಕು.
ತೀರ್ಪು: ಅರ್ಧ ಸತ್ಯ.
ಈ ಮಾತಿಗೆ ಮೂಲವಿದೆ. ಯಮಹಾದ ಕೆಲವು ದೊಡ್ಡ ಬೈಕುಗಳ ಜೊತೆ ಒಂದು ಕೆಂಪು ಚಾವಿ, ಎರಡು ಕಪ್ಪು ಚಾವಿ ಬರುತ್ತವೆ. ಕೆಂಪು ಚಾವಿ ಇರುವುದು ಓಡಿಸುವುದಕ್ಕಲ್ಲ, ಹೊಸ ಚಾವಿಗಳನ್ನು ಗಾಡಿಗೆ ಪರಿಚಯಿಸುವುದಕ್ಕೆ. ಮೂರೂ ಕಳೆದರೆ ಇಮೊಬಿಲೈಸರ್ ವ್ಯವಸ್ಥೆಯನ್ನೇ ಬದಲಿಸಬೇಕು ಎಂದು ಕಂಪನಿಯ ಪುಸ್ತಕವೇ ಹೇಳುತ್ತದೆ. ಹೋಂಡಾದ ದೊಡ್ಡ ಬೈಕುಗಳ ಎಚ್‌ಐಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಹೊಸ ಚಾವಿ ಸೇರಿಸಲು ಮೊದಲೇ ನೋಂದಾಯಿಸಿದ ಒಂದು ಚಾವಿ ಬೇಕು. ಅಂದರೆ ಒಂದು ಕಳೆದು ಇನ್ನೊಂದು ಉಳಿದಿದ್ದರೆ ಕಂಪ್ಯೂಟರ್ ಮುಟ್ಟುವ ಪ್ರಶ್ನೆಯೇ ಇಲ್ಲ. ಎಲ್ಲವೂ ಕಳೆದಾಗಲೂ ಕೆಲವು ಕಂಪನಿಗಳ ಗಾಡಿಗಳಲ್ಲಿ ಅಧಿಕೃತ ಸರ್ವಿಸ್ ಸೆಂಟರ್‌ನ ಉಪಕರಣದಿಂದ ಹೊಸ ಚಾವಿ ನೋಂದಾಯಿಸಬಹುದು. ಉತ್ತರ ಮಾಡೆಲ್ ಮೇಲೆ ನಿಂತಿದೆ.

ಹೇಳಿಕೆ 2: ವೈರ್ ಜೋಡಿಸಿ ಡೈರೆಕ್ಟ್ ಮಾಡಿದರೆ ಸ್ಟಾರ್ಟ್ ಆಗುತ್ತದೆ.
ತೀರ್ಪು: ಚಿಪ್ ಇರುವ ಗಾಡಿಗೆ ಸುಳ್ಳು.
ಚಿಪ್ ಇಲ್ಲದ ಹಳೆಯ ಗಾಡಿಗಳಲ್ಲಿ ಸ್ವಿಚ್ಚಿನ ಕೆಲಸ ವಿದ್ಯುತ್ ಹರಿಸುವುದಷ್ಟೇ, ಹಾಗಾಗಿ ಡೈರೆಕ್ಟ್ ನಡೆಯುತ್ತದೆ. ಚಿಪ್ ಗಾಡಿಯಲ್ಲಿ ವಿದ್ಯುತ್ ಹರಿದರೂ ಗುರುತು ಸಿಗದ ಕಾರಣ ಇಸಿಯು ಒಪ್ಪುವುದಿಲ್ಲ. ಮೇಲಾಗಿ ಸುತ್ತಿಗೆ ಪೆಟ್ಟಿಗೆ ಚಾವಿ ತೂತಿನ ಸುತ್ತಲಿನ ಸುರುಳಿ ಒಡೆದರೆ, ಆಮೇಲೆ ಸಿಕ್ಕ ಅಸಲಿ ಚಾವಿಯೂ ಕೆಲಸ ಮಾಡುವುದಿಲ್ಲ.

ಹೇಳಿಕೆ 3: ಫೋನ್ ಪಕ್ಕ ಇಟ್ಟರೆ, ಅಯಸ್ಕಾಂತ ತಾಗಿದರೆ ಚಿಪ್ ಅಳಿಸಿಹೋಗುತ್ತದೆ.
ತೀರ್ಪು: ಸುಳ್ಳು.
ಚಿಪ್‌ನ ನೆನಪು ಹಳೆಯ ಕ್ಯಾಸೆಟ್ಟಿನಂತೆ ಕಾಂತದಲ್ಲಿ ಬರೆದದ್ದಲ್ಲ. ಅಂಗಿಯ ಜೇಬಿನಲ್ಲಿ ಬಟ್ಟೆಯೊಂದಿಗೆ ನೆನೆದರೂ ಸಾಮಾನ್ಯವಾಗಿ ಉಳಿಯುತ್ತದೆ. ಅದಕ್ಕೆ ನಿಜವಾದ ಶತ್ರು ಜೋರು ಪೆಟ್ಟು, ತುಂಬಾ ಬಿಸಿ. ಆದರೆ ಇದರಲ್ಲಿ ಒಂದು ಎಳೆ ಸತ್ಯವಿದೆ: ಒಂದೇ ರಿಂಗ್‌ನಲ್ಲಿ ಎರಡು ಗಾಡಿಗಳ ಚಿಪ್ ಚಾವಿಗಳಿದ್ದರೆ ಎರಡೂ ಒಟ್ಟಿಗೆ ಉತ್ತರಿಸಿ ಗೊಂದಲವಾಗಬಹುದು. ಅಸಲಿ ಚಾವಿಯಿಂದಲೂ ಸ್ಟಾರ್ಟ್ ಆಗದಿದ್ದರೆ ಉಳಿದ ಚಾವಿಗಳನ್ನು ದೂರ ಹಿಡಿದು ಇನ್ನೊಮ್ಮೆ ನೋಡಿ.

ಹೇಳಿಕೆ 4: ಚಿಪ್‌ನ ಬ್ಯಾಟರಿ ಮುಗಿದಿದೆ, ಬದಲಿಸಬೇಕು.
ತೀರ್ಪು: ಚಿಪ್ ಚಾವಿಗೆ ಸುಳ್ಳು, ಸ್ಮಾರ್ಟ್ ಕೀಗೆ ನಿಜ.
ತೂತಿಗೆ ಹಾಕುವ ಚಿಪ್ ಚಾವಿಯಲ್ಲಿ ಬದಲಿಸಲು ಬ್ಯಾಟರಿಯೇ ಇಲ್ಲ. ಸ್ಮಾರ್ಟ್ ಕೀಯಲ್ಲಿ ಮಾತ್ರ ಬಿಲ್ಲೆಯಂಥ ಬ್ಯಾಟರಿ ಇರುತ್ತದೆ.

ಹೇಳಿಕೆ 5: ಚಿಪ್ ಇದ್ದರೆ ಕಳ್ಳತನ ಆಗುವುದೇ ಇಲ್ಲ.
ತೀರ್ಪು: ಅತಿಯಾದ ಭರವಸೆ.
ಇಮೊಬಿಲೈಸರ್ ಕಳ್ಳನ ಕೆಲಸವನ್ನು ಬಹಳ ಕಷ್ಟ ಮಾಡುತ್ತದೆ, ಅಷ್ಟು ಮಟ್ಟಿಗೆ ನಿಜ. ಅದಕ್ಕೇ ಬ್ರಿಟನ್ 1998ರಿಂದ, ಆಸ್ಟ್ರೇಲಿಯಾ 2001ರಿಂದ, ಕೆನಡಾ 2007ರಿಂದ ಹೊಸ ಕಾರುಗಳಿಗೆ ಅದನ್ನು ಕಡ್ಡಾಯ ಮಾಡಿವೆ. ಆದರೆ 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು, ಆಗ ಕಾರುಗಳಲ್ಲಿ ವ್ಯಾಪಕವಾಗಿದ್ದ ಒಂದು ಚಿಪ್‌ನ ಗುಟ್ಟನ್ನು ಒಡೆದು ತೋರಿಸಿದರು. ಅದರ ರಹಸ್ಯ ಸಂಖ್ಯೆ 40 ಬಿಟ್‌ನದು, ಎಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಅಷ್ಟನ್ನೂ ಹುಡುಕುವ ಯಂತ್ರವನ್ನು ಅವರು ಕಟ್ಟಿದ್ದರು. ಈಗಿನ ಚಿಪ್‌ಗಳು ಅದಕ್ಕಿಂತ ಗಟ್ಟಿ. ಆದರೂ ಇಡೀ ಗಾಡಿಯನ್ನೇ ಎತ್ತಿ ಟೆಂಪೊಗೆ ಹಾಕುವವನನ್ನು ಯಾವ ಚಿಪ್ಪೂ ತಡೆಯದು. ಹ್ಯಾಂಡಲ್ ಲಾಕ್ ಹಾಕುವುದನ್ನು ಬಿಡಬೇಡಿ.

ಹೇಳಿಕೆ 6: ಚಾವಿಯ ಫೋಟೊ ಕಳಿಸಿದರೆ ಡೂಪ್ಲಿಕೇಟ್ ಮಾಡಿಕೊಡುತ್ತೇವೆ.
ತೀರ್ಪು: ಸಾಧ್ಯ, ಅದಕ್ಕೇ ಅಪಾಯ.
ಫೋಟೊದಿಂದ ಚಾವಿಯ ಹಲ್ಲುಗಳ ಅಳತೆ ತೆಗೆಯಬಹುದು ಎಂದು ಅಮೆರಿಕದ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2008ರಲ್ಲೇ ತೋರಿಸಿದ್ದಾರೆ. ಫೋಟೊದಿಂದ ಚಿಪ್ ನಕಲಾಗದು, ಲೋಹದ ಭಾಗ ಆಗುತ್ತದೆ. ನಮ್ಮಲ್ಲಿ ಬಹುಪಾಲು ಗಾಡಿಗಳಿಗೆ ಲೋಹವೇ ಸಾಕು. "ಹೊಸ ಗಾಡಿ ತಗೊಂಡೆ" ಎಂದು ಚಾವಿ ಎತ್ತಿ ಹಿಡಿದ ಫೋಟೊವನ್ನು ಸ್ಟೇಟಸ್‌ಗೆ ಹಾಕುವಾಗ ಹಲ್ಲುಗಳು ಕಾಣದಂತೆ ಹಿಡಿಯಿರಿ.

ಚಾವಿ ಕಳೆದೇ ಹೋಯಿತು. ಈಗೇನು?

ಮೊದಲು, ಗಾಡಿ ನಿಂತ ಜಾಗ ಸುರಕ್ಷಿತವೇ ನೋಡಿ. ಹೊಲದ ಬದುವಿನಲ್ಲೋ ಸಂತೆಯ ಬಯಲಿನಲ್ಲೋ ನಿಂತಿದ್ದರೆ, ಸಿಕ್ಕ ಚಾವಿ ಹಿಡಿದು ಯಾರಾದರೂ ಗಾಡಿ ಹುಡುಕಬಹುದು. ಚಕ್ರಕ್ಕೆ ಚೈನ್ ಹಾಕಿ, ಇಲ್ಲವೇ ಪರಿಚಯದವರ ಮನೆಯಂಗಳಕ್ಕೆ ಸಾಗಿಸಿ.

ಇನ್ನೊಂದು ಚಾವಿ ಮನೆಯಲ್ಲಿದ್ದರೆ: ಅದರಿಂದ ಗಾಡಿ ತನ್ನಿ. ಆದರೆ "ಒಂದಿದೆಯಲ್ಲ, ನೋಡೋಣ" ಎಂದು ಮುಂದೂಡಬೇಡಿ. ಇದು ಕೊನೆಯ ಚಾವಿ. ಇದೂ ಕಳೆದರೆ ಚಿಕ್ಕ ಕೆಲಸ ದೊಡ್ಡ ಕೆಲಸವಾಗುತ್ತದೆ.

ಒಂದೂ ಇಲ್ಲದಿದ್ದರೆ: ಗಾಡಿಯನ್ನು ಗೂಡ್ಸ್ ಆಟೊಗೆ ಹಾಕುವ ಮೊದಲು ಶೋರೂಮ್‌ಗೆ ಫೋನ್ ಮಾಡಿ. ಸಾಧಾರಣ ಗಾಡಿಯಾದರೆ ಶಹಾಪುರದಲ್ಲೇ ಮುಗಿಯಬಹುದು, ದುಬಾರಿ ಮಾಡೆಲ್ ಆದರೆ ಕಲಬುರಗಿಗೆ ಹೋಗಬೇಕಾಗಬಹುದು. ಅಲ್ಲಿಗೆ ಹೋದ ಮೇಲೆ "ಚಾವಿ ಕಂಪನಿಯಿಂದ ಬರಬೇಕು, ಮುಂದಿನ ವಾರ ಬನ್ನಿ" ಎಂದರೆ ಎರಡು ಸಲದ ಬಾಡಿಗೆ ದಂಡ. ಫೋನಿನಲ್ಲೇ ಈ ನಾಲ್ಕು ಪ್ರಶ್ನೆ ಕೇಳಿ:

- ಈ ಮಾಡೆಲ್‌ಗೆ ಹೊಸ ಚಾವಿ ನಿಮ್ಮಲ್ಲೇ ನೋಂದಾಯಿಸಲು ಆಗುತ್ತದೆಯೇ?
- ಚಾವಿ ಈಗ ಇದೆಯೇ, ತರಿಸಬೇಕೇ? ಎಷ್ಟು ದಿನ?
- ಚಾವಿ ಮಾತ್ರವೇ, ಲಾಕ್ ಸೆಟ್ಟೇ, ಇಸಿಯು ಕೂಡ ಬೇಕೇ? ಪ್ರತಿಯೊಂದಕ್ಕೂ ಎಷ್ಟು?
- ಗಾಡಿ ತರಲೇಬೇಕೇ, ಯಾವ ದಾಖಲೆ ಬೇಕು?

ದಾಖಲೆ ಎಂದರೆ ಸಾಮಾನ್ಯವಾಗಿ ಆರ್‌ಸಿ ಮತ್ತು ಮಾಲೀಕರ ಗುರುತಿನ ಚೀಟಿ. ಗಾಡಿ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನನ್ನೇ ಕರೆದುಕೊಂಡು ಹೋಗುವುದು ಒಳ್ಳೆಯದು. ದಾಖಲೆ ಕೇಳುವವರ ಮೇಲೆ ಸಿಟ್ಟಾಗಬೇಡಿ. ಕೇಳದೆ ಮಾಡಿಕೊಡುವವರು ನಾಳೆ ನಿಮ್ಮ ಗಾಡಿಗೂ ಬೇರೆಯವರಿಗೆ ಚಾವಿ ಮಾಡಿಕೊಟ್ಟಾರು.

ಚಿಪ್ ಚಾವಿಯನ್ನು ಶೋರೂಮ್‌ನವರೇ ಮಾಡಬೇಕೆಂದೇನೂ ಇಲ್ಲ. ಉಪಕರಣ ಇಟ್ಟುಕೊಂಡ ಹೊರಗಿನ ಚಾವಿ ತಜ್ಞರೂ ದೊಡ್ಡ ಊರುಗಳಲ್ಲಿದ್ದಾರೆ. ಕೆಲವು ಬಗೆಯ ಚಿಪ್‌ಗಳನ್ನು, ಒಂದು ಅಸಲಿ ಚಾವಿ ಕೈಯಲ್ಲಿದ್ದರೆ, ಅವರು ನಕಲು ಮಾಡಬಲ್ಲರು. ಗಾಡಿ ಸ್ಟಾರ್ಟ್ ಆದದ್ದನ್ನು ಕಣ್ಣಾರೆ ನೋಡಿದ ಮೇಲೆ ದುಡ್ಡು ಕೊಡಿ, ಬಿಲ್ ಪಡೆಯಿರಿ.

ಶೋರೂಮ್‌ಗೆ ಹೋಗುವಾಗ ಉಳಿದ ಎಲ್ಲ ಚಾವಿಗಳನ್ನೂ ಒಯ್ಯಿರಿ. ಹೊಸ ಚಾವಿ ಸೇರಿಸುವಾಗ ಹೋಂಡಾದ ಎಚ್‌ಐಎಸ್‌ಎಸ್‌ನಂಥ ವ್ಯವಸ್ಥೆ ಹಳೆಯ ಪಟ್ಟಿಯನ್ನು ಅಳಿಸಿ, ಆಗ ಎದುರಿಗಿರುವ ಚಾವಿಗಳನ್ನಷ್ಟೇ ಮತ್ತೆ ಬರೆದುಕೊಳ್ಳುತ್ತದೆ. ಮನೆಯಲ್ಲಿ ಬಿಟ್ಟುಬಂದ ಒಳ್ಳೆಯ ಚಾವಿಯೂ ಆಗ ಕೆಲಸಕ್ಕೆ ಬಾರದಾಗುತ್ತದೆ. ಇದರಿಂದ ಲಾಭವೂ ಇದೆ: ಕಳೆದ ಚಾವಿ ಯಾರಿಗೆ ಸಿಕ್ಕರೂ ಅದರಿಂದ ಎಂಜಿನ್ ಸ್ಟಾರ್ಟ್ ಆಗದು. ಬೇರೆ ಕಂಪನಿಯ ಗಾಡಿಯಾದರೆ "ಕಳೆದ ಚಾವಿಯನ್ನು ಅಳಿಸಿ" ಎಂದು ಬಾಯಿಬಿಟ್ಟು ಕೇಳಿ. ಅಳಿಸಿದ ಮೇಲೂ ಅದರ ಲೋಹ ಹ್ಯಾಂಡಲ್ ಲಾಕನ್ನು ತೆಗೆಯಬಲ್ಲದು ಎಂಬುದು ನೆನಪಿರಲಿ.

ಶೋರೂಮ್ ನಂಬರನ್ನು ಗಾಡಿಯ ಬಿಲ್ ಅಥವಾ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊಳ್ಳಿ. ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಸಿಗುವ "ಕಸ್ಟಮರ್ ಕೇರ್" ನಂಬರ್‌ಗಳಲ್ಲಿ ನಕಲಿಗಳೂ ಇರುತ್ತವೆ. "ಚಾವಿ ಕೊರಿಯರ್ ಮಾಡುತ್ತೇವೆ, ಮೊದಲು ಕ್ಯೂಆರ್ ಕೋಡ್‌ಗೆ ದುಡ್ಡು ಹಾಕಿ, ಒಟಿಪಿ ಹೇಳಿ" ಎಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಎಲ್ಲರೂ ಮರೆಯುವ ವಿಷಯ: ಇನ್ಶೂರೆನ್ಸ್

ಗಾಡಿ ಕಳುವಾಗಿ ಪರಿಹಾರ ಕೇಳಿದಾಗ ಇನ್ಶೂರೆನ್ಸ್ ಕಂಪನಿಗಳು ಸಾಮಾನ್ಯವಾಗಿ ಎರಡೂ ಅಸಲಿ ಚಾವಿಗಳನ್ನು ಕೇಳುತ್ತವೆ. ಒಂದೇ ಕೊಟ್ಟರೆ "ಇನ್ನೊಂದು ಎಲ್ಲಿ? ಗಾಡಿಯಲ್ಲೇ ಬಿಟ್ಟಿದ್ದಿರಾ?" ಎಂಬ ಪ್ರಶ್ನೆ ಏಳುತ್ತದೆ. ಎರಡು ವರ್ಷದ ಹಿಂದೆ ಸಂತೆಯಲ್ಲಿ ಕಳೆದಿತ್ತು ಎಂದು ಬಾಯಿಮಾತಿನಲ್ಲಿ ಹೇಳಿದರೆ ನಂಬಿಸುವುದು ಕಷ್ಟ. ಸಾಲ ಮಾಡಿ ಕೊಂಡ ಗಾಡಿಯಾದರೆ ಗಾಡಿಯೂ ಇಲ್ಲ, ಪರಿಹಾರವೂ ಇಲ್ಲ, ಕಂತು ಮಾತ್ರ ಉಳಿಯುತ್ತದೆ.

ಅದಕ್ಕಾಗಿ ಚಾವಿ ಕಳೆದ ದಿನವೇ ದಾಖಲೆ ಮಾಡಿ. ಕರ್ನಾಟಕ ರಾಜ್ಯ ಪೊಲೀಸ್ ಆ್ಯಪ್‌ನಲ್ಲಿ ಇ-ಲಾಸ್ಟ್ ಎಂಬ ಸೌಲಭ್ಯವಿದೆ. ಕಳೆದ ವಸ್ತುವಿನ ವರದಿಯನ್ನು ಮನೆಯಿಂದಲೇ ಕೊಟ್ಟು ಅದರ ಪ್ರತಿ ಪಡೆಯಬಹುದು. ಆಗದಿದ್ದರೆ ಠಾಣೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ಶೂರೆನ್ಸ್ ಕಂಪನಿಗೂ ಬರಹದಲ್ಲಿ ತಿಳಿಸಿ, ಹೊಸ ಚಾವಿಯ ಬಿಲ್ ಜೋಪಾನ ಮಾಡಿ. ಆದರೆ ಚಾವಿ ಕಳೆದದ್ದಕ್ಕೆ "ಕಳುವಾಯಿತು" ಎಂದು ಸುಳ್ಳು ದೂರು ಕೊಡಬೇಡಿ, ಅದು ಅಪರಾಧ. ಪಾಲಿಸಿಯಲ್ಲಿ ಚಾವಿ ಬದಲಾವಣೆಯ ಹೆಚ್ಚುವರಿ ರಕ್ಷಣೆ ಇದೆಯೇ ಎಂದೂ ನೋಡಿ. ಇದ್ದರೆ ಖರ್ಚಿನ ಒಂದು ಭಾಗ ವಾಪಸ್ ಬರಬಹುದು.

ಇವತ್ತೇ ಮಾಡಬಹುದಾದ ಐದು ಕೆಲಸ

1. ಎರಡನೇ ಚಾವಿ ಎಲ್ಲಿದೆ ಎಂದು ಈಗಲೇ ಹುಡುಕಿ. ಎರಡನ್ನೂ ಒಂದೇ ರಿಂಗ್‌ಗೆ ಹಾಕಬೇಡಿ, ಗಾಡಿಯ ಡಿಕ್ಕಿಯಲ್ಲಂತೂ ಇಡಲೇಬೇಡಿ.
2. ಹೊಸ ಗಾಡಿಯ ಚಾವಿ ಜೊತೆ ನಂಬರ್ ಕೆತ್ತಿದ ಚಿಕ್ಕ ಬಿಲ್ಲೆ ಅಥವಾ ಚೀಟಿ ಬಂದಿದ್ದರೆ ಎಸೆಯಬೇಡಿ. ಆ ನಂಬರ್ ಇದ್ದರೆ ಹೊಸ ಚಾವಿ ತರಿಸುವುದು ಸುಲಭ. ಸ್ಮಾರ್ಟ್ ಕೀ ಜೊತೆ ಬಂದ ಗುರುತಿನ ಸಂಖ್ಯೆಯೂ ಅಷ್ಟೇ ಮುಖ್ಯ.
3. ಆ ನಂಬರನ್ನು ಮನೆಯ ಕಾಗದಪತ್ರಗಳ ಜೊತೆ ಬರೆದಿಡಿ. ಗುಂಪಿನಲ್ಲಿ ಹಂಚಬೇಡಿ.
4. ಕೀಚೈನ್ ಮೇಲೆ ಗಾಡಿ ನಂಬರ್ ಇದ್ದರೆ ತೆಗೆಯಿರಿ. ಸಿಕ್ಕವರಿಗೆ ಅದು ಗಾಡಿಯ ವಿಳಾಸ ಕೊಟ್ಟಂತೆ. ಬೇಕಾದರೆ ಫೋನ್ ನಂಬರ್ ಮಾತ್ರ ಇರಲಿ.
5. ಹಳೆಯ ಗಾಡಿ ಕೊಳ್ಳುವಾಗ ಎರಡೂ ಚಾವಿ ಕೇಳಿ. ಚಿಪ್ ಗಾಡಿಗೆ ಒಂದೇ ಚಾವಿ ಕೊಟ್ಟರೆ, ಇನ್ನೊಂದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಚಾವಿ ಕಳೆಯುವುದು ಯಾರಿಗೂ ತಪ್ಪಿದ್ದಲ್ಲ. ಚಿಪ್ ಗಾಡಿಯಲ್ಲಿ ಮೊದಲ ಚಾವಿ ಕಳೆದರೆ ಅದೊಂದು ಕಿರಿಕಿರಿ ಅಷ್ಟೇ, ಖರ್ಚು ಏರುವುದು ಎರಡನೆಯದೂ ಕಳೆದಾಗ. ಇನ್ನು ಮುಂದೆ "ಅರ್ಧ ಗಾಡಿಯ ದುಡ್ಡು" ಎಂಬ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ ಎರಡೇ ಪ್ರಶ್ನೆ ಕೇಳಿ: ಆ ಗಾಡಿಗೆ ಚಿಪ್ ಇದೆಯೇ, ಇನ್ನೊಂದು ಚಾವಿ ಇದೆಯೇ? ಉತ್ತರ ಸಿಕ್ಕ ಮೇಲೆ ಮುಂದಕ್ಕೆ ಕಳಿಸಿ.